ಎರಡು ಕಡೆ ಎಣಿಕೆಯಾದ ಎಮಿಲಿ

ನ್ಯೂಕ್ಯಾಸಲ್‌ನಿಂದ ಉತ್ತರಕ್ಕೆ ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೇ ಮಾರ್ಪೆತ್ ಬರುತ್ತದೆ. ಮಗ ಆಫೀಸಿಗೆ ಹೋದ ಮೇಲೆ ಪುಣೆಯಿಂದ ಒಯ್ದಿದ್ದ ಚಕ್ಕುಲಿ ಕಟ್ಟಿಕೊಂಡು ಒಬ್ಬಳೇ ಹೊರಟೆ. ನೋಡಬೇಕಿದ್ದದ್ದು ಒಂದು ಸಮಾಧಿ.

ಈ ಹುಚ್ಚು ಹತ್ತಿದ್ದು ನಮ್ಮ ಮನೆತನದ ವಂಶಾವಳಿ ಬರೆಯಲು ಕೂತಾಗ. ಅಪ್ಪನ ಹಳೆಯ ವಹಿಯಲ್ಲಿ ಏಳು ತಲೆಮಾರಿನ ಗಂಡಸರಿದ್ದಾರೆ. ಅಜ್ಜಿಯ ಹೆಸರಿರಬೇಕಾದ ಜಾಗದಲ್ಲಿ ಬರೀ ‘ಧರ್ಮಪತ್ನಿ’. ಮಗ ನಕ್ಕು, ಇಂಗ್ಲೆಂಡಿನಲ್ಲಿ ನೂರು ವರ್ಷದ ಹಿಂದಿನ ಜನಗಣತಿಯ ಹಾಳೆಗಳನ್ನೂ ಕಂಪ್ಯೂಟರಿನಲ್ಲೇ ನೋಡಬಹುದು ಎಂದ. ನನಗೆ ಗೊತ್ತಿದ್ದ ಒಂದೇ ಹೆಸರು ಹುಡುಕಿದೆ: ಎಮಿಲಿ ವೈಲ್ಡಿಂಗ್ ಡೇವಿಸನ್. 1913ರ ಜೂನ್ 4ರಂದು ಎಪ್ಸಮ್ ಡರ್ಬಿಯಲ್ಲಿ ದೊರೆಯ ಕುದುರೆಗೆ ಅಡ್ಡ ಹೋಗಿ, ನಾಲ್ಕು ದಿನದ ನಂತರ ತೀರಿಕೊಂಡವಳು. ಹೆಂಗಸರಿಗೆ ಓಟು ಬೇಕೆಂದು ಒಂಬತ್ತು ಸಲ ಬಂಧನಕ್ಕೊಳಗಾದವಳು.

1911ರ ಏಪ್ರಿಲ್ 2ರ ರಾತ್ರಿ ಜನಗಣತಿ. ಓಟಿಲ್ಲದ ಮೇಲೆ ಲೆಕ್ಕಕ್ಕೂ ಸಿಗುವುದಿಲ್ಲ ಎಂದು ಎಷ್ಟೋ ಹೆಂಗಸರು ಮನೆ ಬಿಟ್ಟು ಹೊರಗೆ ರಾತ್ರಿ ಕಳೆದರು. ಎಮಿಲಿ ಮಾತ್ರ ನೇರ ಪಾರ್ಲಿಮೆಂಟಿಗೇ ನುಗ್ಗಿ, ನೆಲಮಾಳಿಗೆಯ ಪ್ರಾರ್ಥನಾ ಮಂದಿರದ ಒಂದು ಗೂಡಿನಲ್ಲಿ ಅಡಗಿ ಕೂತಳು. ಸಿಕ್ಕಿಬಿದ್ದಾಗ ಅಲ್ಲಿಯವರೇ ಹಾಳೆ ತುಂಬಿದರು. ವಯಸ್ಸು 35 ಅಂತೆ. ಆಕೆಗೆ ಆಗಲೇ 38. ಹುಟ್ಟಿದ್ದು ಲಾಂಗ್‌ಹಾರ್ಸ್‌ಲಿ ಅಂತೆ. ನಿಜವಾಗಿ ಲಂಡನ್ನಿನ ಬ್ಲ್ಯಾಕ್‌ಹೀತ್‌ನಲ್ಲಿ, 1872ರಲ್ಲಿ. ಲಾಂಗ್‌ಹಾರ್ಸ್‌ಲಿ ಅವಳ ತಾಯಿ ಇದ್ದ ಊರು. ತಮಾಷೆಯೆಂದರೆ, ಅವಳು ಬಾಡಿಗೆಗಿದ್ದ ಕೋಣೆಯ ಒಡತಿಯೂ ತನ್ನ ಹಾಳೆಯಲ್ಲಿ ಅವಳ ಹೆಸರು ಸೇರಿಸಿಬಿಟ್ಟಿದ್ದಳು. ಲೆಕ್ಕಕ್ಕೆ ಸಿಗಬಾರದೆಂಬ ಚಳವಳಿಯ ಹೆಂಗಸು ಎರಡು ಸಲ ಲೆಕ್ಕಕ್ಕೆ ಸಿಕ್ಕಳು!

ಸೇಂಟ್ ಮೇರಿ ಚರ್ಚು ಊರಿನ ದಕ್ಷಿಣಕ್ಕೆ, ಸ್ಟೇಷನ್ನಿನಿಂದ ನಡೆದೇ ಹೋಗುವಷ್ಟು ಹತ್ತಿರ. ಮಳೆ ಹನಿಯುತ್ತಿತ್ತು. ಸಮಾಧಿ ಅವಳೊಬ್ಬಳದಲ್ಲ, ಮನೆಮಂದಿಯದು. ತಂದೆಯೂ ಅಲ್ಲೇ ಇದ್ದಾನೆ. 1893ರಲ್ಲಿ ಅವನು ಸತ್ತಾಗ ಶುಲ್ಕ ಕಟ್ಟಲಾಗದೆ ಕಾಲೇಜು ಬಿಟ್ಟವಳು, ಪರರ ಮಕ್ಕಳಿಗೆ ಪಾಠ ಹೇಳಿ ದುಡ್ಡು ಕೂಡಿಸಿ ಆಕ್ಸ್‌ಫರ್ಡಿನ ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದಳು. ಪದವಿ ಸಿಗಲಿಲ್ಲ. ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಡತೊಡಗಿದ್ದು 1920ರಲ್ಲಿ. ಕಲ್ಲಿನ ಮೇಲೆ ಚಳವಳಿಯ ಘೋಷಣೆ ಕೆತ್ತಿದ್ದಾರೆ: ಮಾತಲ್ಲ, ಕೃತಿ. ಆದರೆ ನನಗೆ ಅವಳ ತಾಯಿಯದೇ ಯೋಚನೆ. ಮಗಳು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾಗ, ನೀನು ಇಂಥದ್ದು ಮಾಡಿದೆ ಎಂದು ನಂಬಲಾರೆ ಎಂದು ಕಾಗದ ಬರೆದಿದ್ದಳು ಆಕೆ. ಮಗಳು ಅದನ್ನು ಓದಲೇ ಇಲ್ಲ.

ಸಾಯಲೆಂದೇ ಹೋದಳೇ? ಅವಳ ಬಳಿ ಎಪ್ಸಮ್‌ನಿಂದ ವಾಪಸು ಬರುವ ರೈಲು ಟಿಕೆಟಿತ್ತು. ಅದೊಂದರಿಂದಲೇ ತೀರ್ಮಾನಿಸಲಾಗದು ಎನ್ನುವವರೂ ಇದ್ದಾರೆ, ಸರಿಯೇ. ನನಗಂತೂ ವಯಸ್ಸನ್ನೇ ತಪ್ಪಾಗಿ ಬರೆದ ಆ ಸರ್ಕಾರಿ ಹಾಳೆಗಿಂತ ಈ ಟಿಕೆಟಿನ ತುಣುಕೇ ಹೆಚ್ಚು ನಂಬಿಕೆಯದಾಗಿ ಕಂಡಿತು.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಧಾರವಾಡದ ಅತ್ತೆಗೆ ಫೋನು ಹಚ್ಚಿದೆ. ಅಜ್ಜಿಗೆ ತವರಿನಲ್ಲಿ ಇಟ್ಟ ಹೆಸರೇನು?

“ಯಾರಿಗ್ ಗೊತ್ತವಾ? ಲಗ್ನದಾಗ ಹೆಸರು ಬದಲು ಮಾಡಿದ್ರು. ನಾವು ಅವ್ವಾ ಅಂತಿದ್ವಿ, ಅಷ್ಟ.” ಆಮೇಲೆ, ಸ್ವಲ್ಪ ತಡೆದು, “ತಡಿ, ಅಣ್ಣನ ಟ್ರಂಕಿನ್ಯಾಗ ಅಕಿ ಲಗ್ನಪತ್ರಿಕಿ ಇರಬೇಕು. ಹುಳ ತಿಂದಿಲ್ಲಂದ್ರ ನೋಡಿ ಹೇಳ್ತೀನಿ.”