ನಾಲಗೆ ತಡೆದವನ ಹಾಡು

ನಾನು ಚಿಕ್ಕಂದಿನಲ್ಲಿ ಉಗ್ಗುತ್ತಿದ್ದೆನು. ಈಗಲೂ ಆ ದೋಷವು ಪೂರ್ತಿಯಾಗಿ ಬಿಟ್ಟುಹೋಗಿದೆಯೆಂದು ಹೇಳಲಾರೆನು. ಅಪರಿಚಿತರ ಮುಂದೆ ನನ್ನ ಹೆಸರನ್ನು ಹೇಳಬೇಕಾಗಿ ಬಂದಾಗ ಹಳೆಯ ನಂಟನಂತೆ ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಪಾಠಶಾಲೆಯಲ್ಲಿ ಉಪಾಧ್ಯಾಯರು ಹಾಜರಿ ಕರೆಯುವಾಗ, 'ಹಾಜರ್' ಎಂಬ ಒಂದು ಮಾತು ನನ್ನ ಗಂಟಲಿನಿಂದ ಹೊರಡುವಷ್ಟರಲ್ಲಿ ಅವರು ಮುಂದಿನ ಹೆಸರಿಗೆ ಹೋಗಿರುತ್ತಿದ್ದರು. ಮೊದಲನೆಯ ಸಾಲಿನಲ್ಲಿ ಕುಳಿತಿದ್ದರೂ ಪುಸ್ತಕದಲ್ಲಿ ನಾನು ಗೈರುಹಾಜರು. ಇದ್ದೂ ಇಲ್ಲದವನಾಗುವ ಕಷ್ಟವು ಎಂತಹುದೆಂಬುದನ್ನು ಅಂದೇ ಕಲಿತೆನು. ಅಮ್ಮನು ದಿನವೂ ಬಜೆಯನ್ನು ತೇಯ್ದು ನಾಲಗೆಗೆ ಹಚ್ಚುತ್ತಿದ್ದಳು. ಅದರ ಕಹಿಯು ನೆನಪಿದೆ, ಗುಣವಾದುದು ನೆನಪಿಲ್ಲ.

ಇಷ್ಟು ವರ್ಷಗಳ ಮೇಲೆ ಈ ಮಾತನ್ನೆತ್ತಲು ಒಂದು ಕಾರಣವುಂಟು. ಬೆಂಗಳೂರಿನಲ್ಲಿರುವ ನನ್ನ ಸೋದರಳಿಯನು ರಜೆಯಲ್ಲಿ ಬಂದಿದ್ದಾಗ ಅಮೆರಿಕದ ಬಿಲ್ ವಿದರ್ಸ್ ಎಂಬ ಗಾಯಕನ ಹಾಡೊಂದನ್ನು ಕೇಳಿಸಿದನು. ಸೋಲ್ ಎಂದು ಕರೆಯುವ ಆ ಸಂಗೀತವು ಅಲ್ಲಿಯ ಕಪ್ಪು ಜನರ ಇಗರ್ಜಿಯ ಗಾನದಿಂದಲೂ ಬ್ಲೂಸ್ ಎಂಬ ದುಃಖದ ಹಾಡಿನಿಂದಲೂ ಬೆಳೆದುಬಂದುದು. ತಾಳವನ್ನೇ ಮುಂದುಮಾಡಿಕೊಂಡ ಫಂಕ್ ಎಂಬುದು ಅದರ ತಮ್ಮ. ನನಗೆ ಇವೆರಡರ ಪರಿಚಯವೂ ಇರಲಿಲ್ಲ. ಆದರೆ ಹಾಡಿನ ನಡುವೆ ಒಂದೆಡೆಯಲ್ಲಿ ಆತನು ಎರಡು ಸಣ್ಣ ಪದಗಳನ್ನು ಹಿಡಿದು, ಬಿಡದೆ, 26 ಸಲ ಹೇಳುತ್ತಾನೆ. ನಾನು ನೆಟ್ಟಗೆ ಕುಳಿತೆನು. ಒಂದೇ ಮಾತಿನಲ್ಲಿ ಸಿಕ್ಕಿಕೊಳ್ಳುವುದೇನೆಂಬುದನ್ನು ಬಲ್ಲವನು ನಾನು. "ಈತನೂ ಉಗ್ಗುತ್ತಿದ್ದನೇನೋ?" ಎಂದೆನು. "ಹೌದು ಮಾವ, ನಿಮಗೆ ಹೇಗೆ ಗೊತ್ತಾಯಿತು?" ಎಂದು ಹುಡುಗನು ಬೆರಗಾದನು.

ಆ ಬಳಿಕ ಆತನ ಚರಿತ್ರೆಯನ್ನು ಹುಡುಕಿ ಓದಿದೆನು. ವಿದರ್ಸನು 1938ನೆಯ ಜುಲೈ 4ರಂದು ವೆಸ್ಟ್ ವರ್ಜೀನಿಯಾದ ಸ್ಲ್ಯಾಬ್ ಫೋರ್ಕ್ ಎಂಬ ಕಲ್ಲಿದ್ದಲ ಗಣಿಯ ಊರಿನಲ್ಲಿ, ಆರು ಮಕ್ಕಳಲ್ಲಿ ಕಡೆಯವನಾಗಿ ಹುಟ್ಟಿದನು. 13ನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡನು. ಉಗ್ಗುವ ಹುಡುಗನಿಗೆ ಆಸರೆಯಾದವಳು ಅಜ್ಜಿ; ಆಕೆಯ ಕೈಗಳನ್ನು ಕುರಿತೇ ಮುಂದೆ ಒಂದು ಹಾಡನ್ನು ಕಟ್ಟಿದನು. 17ನೆಯ ವಯಸ್ಸಿನಲ್ಲಿ ನೌಕಾಪಡೆಯನ್ನು ಸೇರಿ 9 ವರ್ಷ ಸೇವೆ ಮಾಡಿದನು. ಎದುರಿನವರನ್ನು ತನಗಿಂತ ದೊಡ್ಡವರೆಂದು ಭಾವಿಸಿದಾಗಲೇ ನಾಲಗೆಯು ತಡೆಯುವುದೆಂದು ಕಂಡುಕೊಂಡು, ಆ ಭಯವನ್ನು ಗೆಲ್ಲತೊಡಗಿದನು. 1967ರಲ್ಲಿ ಲಾಸ್ ಏಂಜಲೀಸಿಗೆ ಬಂದು, ಕಾರ್ಖಾನೆಯೊಂದರಲ್ಲಿ ವಿಮಾನಗಳ ಪಾಯಿಖಾನೆಗೆ ಆಸನಗಳನ್ನು ಮಾಡುವ ಕೆಲಸಕ್ಕೆ ನಿಂತನು. ಗಿಟಾರನ್ನು ತಾನೇ ಕಲಿತನು. 1971ರಲ್ಲಿ ಬುಕರ್ ಟಿ. ಜೋನ್ಸನ ಮೇಲ್ವಿಚಾರಣೆಯಲ್ಲಿ ಮೊದಲನೆಯ ಆಲ್ಬಂ ಹೊರಟಾಗ ಆತನಿಗೆ ಮೂವತ್ತು ದಾಟಿತ್ತು. ಅದರ ಹೊದಿಕೆಯ ಚಿತ್ರದಲ್ಲಿ ಊಟದ ಡಬ್ಬಿಯನ್ನು ಹಿಡಿದು ನಿಂತಿದ್ದಾನೆ. ಸಂಗೀತದ ವ್ಯಾಪಾರವನ್ನು ನಂಬದೆ ಕಾರ್ಖಾನೆಯ ಕೆಲಸವನ್ನು ಇನ್ನೂ ಬಿಟ್ಟಿರಲಿಲ್ಲ.

ನಾನು ಕೇಳಿದ 'ಏಂಟ್ ನೋ ಸನ್‌ಷೈನ್' ಆ ಆಲ್ಬಮಿನದೇ. ಆ 26 ಸಲದ ಜಾಗದಲ್ಲಿ ಬೇರೆ ಪದಗಳನ್ನು ತುಂಬಬೇಕೆಂದು ಆತನ ಎಣಿಕೆಯಾಗಿತ್ತು. ಜೊತೆಯ ವಾದ್ಯಗಾರರು ಅದು ಹಾಗೆಯೇ ಇರಲಿ ಎಂದರಂತೆ. ಆತನೂ ಒಪ್ಪಿದನು. ಬಾಲ್ಯದಲ್ಲಿ ನಗೆಗೀಡಾಗುವ ಪುನರುಕ್ತಿಯೇ ಇಲ್ಲಿ ಹಾಡಿನ ಹೃದಯವಾಯಿತೆಂಬುದು ನನ್ನ ಭಾವನೆ, ಉಗ್ಗದವರು ಒಪ್ಪದಿರಬಹುದು. ಆ ಹಾಡಿಗೆ 1972ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು. ಅದೇ ವರ್ಷ, ಗಣಿಯೂರಿನ ನೆರೆಹೊರೆಯವರು ಒಬ್ಬರಿಗೊಬ್ಬರು ಆಗಿಬರುತ್ತಿದ್ದ ನೆನಪಿನಿಂದ ಹುಟ್ಟಿದ 'ಲೀನ್ ಆನ್ ಮಿ' ದೇಶದಲ್ಲೆಲ್ಲ ಹಬ್ಬಿತು.

ನನ್ನನ್ನು ಹೆಚ್ಚಾಗಿ ಕಾಡಿದುದು ಇದಕ್ಕಿಂತ ಮುಂದಿನ ಕಥೆ. ಮುದ್ರಣದ ಕಂಪನಿಯವರು ತನ್ನ ಹಾಡಿನಲ್ಲಿ ಕೈಯಾಡಿಸುವುದನ್ನು ಸಹಿಸದೆ, 1985ರ ಆಲ್ಬಮಿನ ತರುವಾಯ ವಿದರ್ಸನು ಆ ವೃತ್ತಿಯನ್ನೇ ಬಿಟ್ಟನು. 2020ನೆಯ ಮಾರ್ಚ್ 30ರಂದು, 81ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಮತ್ತೊಂದು ಆಲ್ಬಮನ್ನು ಹೊರಡಿಸಲಿಲ್ಲ. ಆತನನ್ನು ಕುರಿತು 2009ರಲ್ಲಿ ಬಂದ 'ಸ್ಟಿಲ್ ಬಿಲ್' ಎಂಬ ಚಿತ್ರದಲ್ಲಿ, ಉಗ್ಗುವ ಮಕ್ಕಳ ನಾಟಕಮಂಡಲಿಯೊಂದರ ನಡುವೆ ಆ ಮುದುಕನು ಕಣ್ಣೀರಿಡುತ್ತಾನೆ. ಅದನ್ನು ನೋಡುತ್ತ ನಾನೂ ಕನ್ನಡಕವನ್ನು ತೆಗೆದು ಒರೆಸಿಕೊಂಡೆನು.

ಮಾತು ಬೆಳ್ಳಿ, ಮೌನ ಬಂಗಾರವೆಂದು ನಮ್ಮ ಹಿರಿಯರು ಹೇಳುತ್ತಾರೆ. ಆತನ ಮೌನವು ನಿಜವಾಗಿಯೂ ಬಂಗಾರವೇ ಸರಿ. ಮಾತನ್ನು ಗೆದ್ದು, ಹಾಡಿ, ಆಮೇಲೆ ತಾನಾಗಿ ಆರಿಸಿಕೊಂಡುದು. ನನ್ನದೋ? ನಮ್ಮ ಸಂಘದವರು ಭಾಷಣಕ್ಕೆ ಕರೆದಾಗಲೆಲ್ಲ, "ಲೇಖನ ಬರೆದುಕೊಡುತ್ತೇನೆ, ಬಿಡಿ" ಎಂದು ತಪ್ಪಿಸಿಕೊಂಡು ಬಂದಿದ್ದೇನೆ. ಜನರು ಅದನ್ನು ವಿನಯವೆಂದರು. ನಾನೂ ಹಾಗೆಯೇ ನಂಬಿದೆನು. ಅದು ವಿನಯವಲ್ಲ, ಹಾಜರಿಯ ಹೊತ್ತಿನ ಅದೇ ಭಯ.

ಆದುದರಿಂದ ಮುಂದಿನ ತಿಂಗಳ ಸಭೆಯಲ್ಲಿ ಈ ಲೇಖನವನ್ನು ನಾನೇ ಓದುವೆನೆಂದು ಕಾರ್ಯದರ್ಶಿಗಳಿಗೆ ಬರೆದಿದ್ದೇನೆ. ನಡುವೆ ಎಲ್ಲಿಯಾದರೂ ನಾಲಗೆ ತಡೆದರೆ ಮಿತ್ರರು ಸ್ವಲ್ಪ ಕಾದಿರಬೇಕು. ಮುಂದಿನ ಹೆಸರಿಗೆ ಹೋಗಬಾರದು. ನಾನು ಹಾಜರಿದ್ದೇನೆ.