ನಾಲ್ಕು ಕೋರು, ಎರಡು ಕೋಣೆ

ಪೆಟ್ಟಿಗೆಯ ಮೇಲೆ ಬರೆದಿರುವುದನ್ನಷ್ಟೇ ಓದಿದರೆ ಎಎಂಡಿ ಕಂಪನಿಯ ರೈಜನ್ 3 3100 ಮತ್ತು ರೈಜನ್ 3 3300ಎಕ್ಸ್ ಎಂಬ ಎರಡು ಪ್ರೊಸೆಸರುಗಳು ಅವಳಿ ಮಕ್ಕಳಂತೆ ಕಾಣುತ್ತವೆ. ಎರಡಕ್ಕೂ ನಾಲ್ಕು ಕೋರು, ಎಂಟು ಥ್ರೆಡ್ಡು. ಎರಡರಲ್ಲೂ 16 ಎಂಬಿ ಎಲ್3 ಕ್ಯಾಶ್. ಎರಡಕ್ಕೂ 65 ವ್ಯಾಟ್. 2020ರ ಮೇ ತಿಂಗಳಲ್ಲಿ ಒಟ್ಟಿಗೇ ಮಾರುಕಟ್ಟೆಗೆ ಬಂದಾಗ ಒಂದರ ಬೆಲೆ 99 ಡಾಲರ್, ಇನ್ನೊಂದರದು 120. ಕಣ್ಣಿಗೆ ಕಾಣುವ ವ್ಯತ್ಯಾಸ ವೇಗದ್ದು: 3100 ಹೆಚ್ಚೆಂದರೆ 3.9 ಗಿಗಾಹರ್ಟ್ಸ್‌ವರೆಗೆ ಹೋಗುತ್ತದೆ, 3300ಎಕ್ಸ್ 4.3ರವರೆಗೆ. ಇಷ್ಟಕ್ಕೆ 21 ಡಾಲರ್ ಹೆಚ್ಚು ಕೊಡಬೇಕೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ನನಗೆ ಆ ಪ್ರಶ್ನೆ ಎದುರಾದದ್ದು ಕೆಲವು ವರ್ಷ ತಡವಾಗಿ, ರೂಪಾಯಿ ಲೆಕ್ಕದಲ್ಲಿ. ನನ್ನ ಬಳಿ ಇರುವುದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ 3100. ಈ ಎರಡು ಪ್ರೊಸೆಸರುಗಳಲ್ಲೂ ಗ್ರಾಫಿಕ್ಸ್ ಇಲ್ಲ. ಪರದೆಯ ಮೇಲೆ ಒಂದು ಅಕ್ಷರ ಮೂಡಬೇಕಾದರೂ ಬೇರೆ ಕಾರ್ಡು ಹಾಕಬೇಕು. ಹಾಗಾಗಿ ಹಳೆಗನ್ನಡ ಓದಿದವನ ಮೇಜಿನ ಮೇಲೆ ಗೇಮು ಆಡುವವರ ಕಾರ್ಡೊಂದು ಕೂತಿದೆ. ಪಕ್ಕದ ರೂಮಿನ ಭೌತಶಾಸ್ತ್ರದ ಗೆಳೆಯ ಪಿಎಚ್‌ಡಿ ಮುಗಿಸಿ ಊರು ಬಿಡುವವನಿದ್ದ. ಅವನದು 3300ಎಕ್ಸ್. ‘ನಿನ್ನದು ನನಗೆ ಕೊಡು, ಮೇಲೆ ಎರಡು ತಿಂಗಳ ಮೆಸ್ ಬಿಲ್ಲಿನಷ್ಟು ಕೊಡು, ಇದನ್ನು ನೀನು ಇಟ್ಕೋ. ಬೇಕಾದರೆ ಒಂದು ವಾರ ಹಾಕಿ ನೋಡು ಮಾರಾಯ’ ಅಂದ. ಫೆಲೋಶಿಪ್ ಬಂದು ನಾಲ್ಕು ತಿಂಗಳಾಗಿತ್ತು. ಮೆಸ್ ಬಿಲ್ಲು ಎಂಬ ಅಳತೆ ಆ ದಿನಗಳಲ್ಲಿ ನಮಗೆ ಡಾಲರಿಗಿಂತ ಚೆನ್ನಾಗಿ ಅರ್ಥವಾಗುತ್ತಿತ್ತು.

ವೇಗಕ್ಕಿಂತ ದೊಡ್ಡ ವ್ಯತ್ಯಾಸ ಚಿಪ್ಪಿನ ಒಳಗಿದೆ. ಝೆನ್ 2 ಎಂಬ ಆ ತಲೆಮಾರಿನ ಚಿಪ್ಪಿನಲ್ಲಿ ಮೂಲತಃ ಇರುವುದು ಎಂಟು ಕೋರು. ಅವು ನಾಲ್ಕು ನಾಲ್ಕರಂತೆ ಎರಡು ಗುಂಪಾಗಿ ಕೂತಿರುತ್ತವೆ. ಪ್ರತಿ ಗುಂಪಿಗೂ ತನ್ನದೇ ಎಲ್3 ಕ್ಯಾಶ್. ತಯಾರಿಕೆಯಲ್ಲಿ ಎಲ್ಲ ಕೋರೂ ಸರಿಯಾಗಿ ಬಾರದ ಚಿಪ್ಪನ್ನು ಎಸೆಯದೆ, ಕೆಟ್ಟದ್ದನ್ನು ಮುಚ್ಚಿ ಅಗ್ಗವಾಗಿ ಮಾರುವುದು ಈ ಉದ್ಯಮದ ಹಳೆಯ ಕ್ರಮ. ಹುಳುಕು ಬದನೆಕಾಯಿಯ ಒಂದು ಬದಿ ಕೊಯ್ದು ಉಳಿದದ್ದನ್ನು ಪಲ್ಯಕ್ಕೆ ಹಾಕುವ ಅಮ್ಮನ ಲೆಕ್ಕವೇ ಇದು. ಎಂಟರಲ್ಲಿ ನಾಲ್ಕನ್ನು ಉಳಿಸಬೇಕು, ಆದರೆ ಯಾವ ನಾಲ್ಕು? 3300ಎಕ್ಸ್‌ನಲ್ಲಿ ನಾಲ್ಕೂ ಒಂದೇ ಗುಂಪಿನವು. 3100ರಲ್ಲಿ ಆ ಗುಂಪಿನಿಂದ ಎರಡು, ಈ ಗುಂಪಿನಿಂದ ಎರಡು.

ಹಾಸ್ಟೆಲ್ಲಿನಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲ್ವರು ಒಂದೇ ರೂಮಿನಲ್ಲಿದ್ದರೆ ‘ಆ ಪುಸ್ತಕ ಕೊಡೋ’ ಅಂದರೆ ಸಾಕು. ಎರಡೆರಡು ಮಂದಿ ಬೇರೆ ಬೇರೆ ರೂಮಿನಲ್ಲಿದ್ದು, ನಡುವಿನ ಗೋಡೆಗೆ ಬಾಗಿಲೂ ಇಲ್ಲದೆ, ಮಾತಾಡಬೇಕೆಂದಾಗಲೆಲ್ಲ ಕೆಳಗಿಳಿದು ವಾರ್ಡನ್ ಆಫೀಸಿನ ಮುಂದೆ ಹಾದು ಮತ್ತೆ ಮೆಟ್ಟಿಲು ಹತ್ತಬೇಕಾದರೆ? 3100ರಲ್ಲಿ ಹೀಗೇ ಆಗುತ್ತದೆ. ಒಂದು ಗುಂಪಿನ ಕೋರು ಇನ್ನೊಂದು ಗುಂಪಿನ ಜೊತೆ ಮಾತಾಡಲು ಪಕ್ಕದ ಐ/ಓ ಚಿಪ್ಪಿನವರೆಗೆ ಹೋಗಿ ಬರಬೇಕು. ಪುಸ್ತಕದ ಕಪಾಟೂ ಇಬ್ಭಾಗ. 3300ಎಕ್ಸ್‌ನ 16 ಎಂಬಿ ಒಂದೇ ಕಡೆ ಇದೆ, 3100ರ 16 ಎಂದರೆ 8 ಮತ್ತು 8. ಪೆಟ್ಟಿಗೆಯ ಮೇಲಿನ ಅಂಕಿ ಸುಳ್ಳಲ್ಲ, ಕೂಡಿಸಿ ಬರೆದದ್ದು ಅಷ್ಟೇ.

ಎರಡೂ ಎಎಂ4 ಸಾಕೆಟ್ಟಿನವಾದ್ದರಿಂದ ನನ್ನ ಬೋರ್ಡು, ರ್‍ಯಾಮ್, ಡಿಸ್ಕು ಯಾವುದನ್ನೂ ಬದಲಿಸಬೇಕಾಗಲಿಲ್ಲ. ಫ್ಯಾನಿನ ನಾಲ್ಕು ಸ್ಕ್ರೂ ಬಿಚ್ಚಿ, ಹಳೆ ಪೇಸ್ಟು ಒರೆಸಿ, ಹೊಸದು ಹಚ್ಚಿ ಕೂರಿಸಿದೆ. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಬದಲಾದದ್ದು ಒಂದೇ ವಸ್ತು.

ಗೆಳೆಯನ ಪರೀಕ್ಷೆ ಗೇಮು. ಅದರಲ್ಲಿ 3300ಎಕ್ಸ್ ಗೆದ್ದದ್ದು ಬರಿಗಣ್ಣಿಗೇ ಗೊತ್ತಾಗುತ್ತಿತ್ತು. ಗೇಮಿನಲ್ಲಿ ಕೋರುಗಳು ಒಂದೇ ಮಾಹಿತಿಗೆ ಮತ್ತೆ ಮತ್ತೆ ಕೈಚಾಚುತ್ತವೆ, ಆಗ ಒಂದೇ ರೂಮಿನಲ್ಲಿರುವುದು ಬಹಳ ದೊಡ್ಡ ಅನುಕೂಲ. 2017ರಲ್ಲಿ 300 ಡಾಲರಿಗೂ ಮೇಲಿದ್ದ ಇಂಟೆಲ್ ಐ7-7700ಕೆ ಜೊತೆ ಇದನ್ನು ಹೋಲಿಸಿ ಆಗ ಎಲ್ಲರೂ ಹುಬ್ಬೇರಿಸಿದ್ದು ಸುಮ್ಮನೆ ಅಲ್ಲ.

ನನ್ನ ಕೆಲಸ ಬೇರೆ. ಕಳೆದ ಶತಮಾನದ ಮೊದಲ ಅರ್ಧದ ಕನ್ನಡ ನಿಯತಕಾಲಿಕೆಗಳ ಸ್ಕ್ಯಾನ್ ಪುಟಗಳನ್ನು ಹುಡುಕಲು ಬರುವ ಪಠ್ಯವಾಗಿ ಮಾಡಿಕೊಳ್ಳುವುದು. ಅದಕ್ಕೆ ಟೆಸರಾಕ್ಟ್ ಎಂಬ ತಂತ್ರಾಂಶ ಬಳಸುತ್ತೇನೆ. 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಮುಕ್ತವಾಗಿ ಎಲ್ಲರಿಗೂ ಸಿಕ್ಕಿ, ಮುಂದೆ ಗೂಗಲ್‌ನ ಆಸರೆಯಲ್ಲಿ ಬೆಳೆದು, ಈಗ ಕನ್ನಡವನ್ನೂ ಓದುತ್ತದೆ. ಇದರ ಸ್ವಭಾವ ಏನೆಂದರೆ, ಸುಮ್ಮನೆ ಬಿಟ್ಟರೆ ಒಂದೇ ಪುಟಕ್ಕೆ ನಾಲ್ಕು ಥ್ರೆಡ್ಡುಗಳನ್ನು ಹಚ್ಚುತ್ತದೆ. ನಾಲ್ವರು ಒಂದು ಎಲೆಯಲ್ಲಿ ಊಟ ಮಾಡಿದ ಹಾಗೆ: ಕೈಗೆ ಕೈ ತಾಗುತ್ತದೆ, ಒಬ್ಬರಿಗಾಗಿ ಇನ್ನೊಬ್ಬರು ಕಾಯಬೇಕು. ಈ ಕ್ರಮದಲ್ಲಿ 3100 ಹಿಂದೆ ಬಿದ್ದಿತು, ಗೇಮಿನಲ್ಲಿ ಬಿದ್ದಂತೆಯೇ.

ಆದರೆ ಒಂದು ಪುಟಕ್ಕೆ ಒಂದೇ ಥ್ರೆಡ್ಡು ಎಂದು ಕಟ್ಟುಮಾಡಿ, ನಾಲ್ಕು ಪುಟಗಳನ್ನು ಒಟ್ಟಿಗೆ ಕೊಡಲೂ ಬರುತ್ತದೆ. ಪ್ರತಿ ಕೋರಿಗೂ ತನ್ನದೇ ಎಲೆ. ಆಗ ಮೆಟ್ಟಿಲು ಇಳಿದು ಹತ್ತುವ ಪ್ರಮೇಯವೇ ಹೆಚ್ಚು ಬರುವುದಿಲ್ಲ. ಎರಡು ಪ್ರೊಸೆಸರುಗಳೂ ಮೊದಲಿಗಿಂತ ಚುರುಕಾದವು, ನಡುವಿನ ಅಂತರ ಕುಗ್ಗಿ ಗಿಗಾಹರ್ಟ್ಸಿನ ಅಂತರದ ಸುಮಾರಿಗೆ ಬಂದು ನಿಂತಿತು. 3.9ಕ್ಕೂ 4.3ಕ್ಕೂ ಶೇಕಡಾ ಹತ್ತರಷ್ಟು ವ್ಯತ್ಯಾಸ. ಎಂದರೆ ನನ್ನದು ಹತ್ತು ಗಂಟೆ ತೆಗೆದುಕೊಳ್ಳುವ ಕೆಲಸವನ್ನು ಅವನದು ಒಂಬತ್ತಕ್ಕೆ ಮುಗಿಸೀತು. ನಾನು ರಾತ್ರಿ ಹಚ್ಚಿ ಮಲಗುವವನು. ಬೆಳಗಿನ ಜಾವ ಐದಕ್ಕೆ ಮುಗಿದರೂ ನಾಲ್ಕಕ್ಕೆ ಮುಗಿದರೂ ಯಾರು ಎದ್ದು ನೋಡುತ್ತಾರೆ?

ಬೆಳಿಗ್ಗೆ ಎದ್ದ ಮೇಲಿನ ಕೆಲಸಕ್ಕಂತೂ ಎರಡೂ ಒಂದೇ. ಅಚ್ಚುಮೊಳೆಯ ಮಸಿ ತುಂಬಿಕೊಂಡ ಕಡೆ ‘ಧ’ದ ಕೆಳಗಿನ ಸೀಳು ಮುಚ್ಚಿಹೋಗಿ ‘ದ’ ಆಗಿರುತ್ತದೆ. ಅನುಸ್ವಾರದ ಸೊನ್ನೆ ಅಂಕಿಯ ಸೊನ್ನೆಯಾಗಿರುತ್ತದೆ. ಒತ್ತಕ್ಷರ ಕೆಳಗಿನ ಸಾಲಿಗೆ ಇಳಿದು ಅಲ್ಲಿಯ ಪದಕ್ಕೆ ಅಂಟಿಕೊಂಡಿರುತ್ತದೆ. 4.3 ಗಿಗಾಹರ್ಟ್ಸಿನಲ್ಲೂ ‘ಧನ’ ‘ದನ’ವೇ ಆಗುತ್ತದೆ, ಸ್ವಲ್ಪ ಬೇಗ ಆಗುತ್ತದೆ, ಅಷ್ಟೇ. ಅದನ್ನು ತಿದ್ದುವುದು ಕಣ್ಣು. ಒಂದು ಪುಟ ತಿದ್ದುವ ಹೊತ್ತಿಗೆ ಯಂತ್ರ ಎಷ್ಟೋ ಪುಟ ಓದಿ ನನ್ನ ದಾರಿ ಕಾಯುತ್ತಿರುತ್ತದೆ.

ಯಾವುದು ಒಳ್ಳೆಯದು ಎಂದರೆ 3300ಎಕ್ಸ್ ಒಳ್ಳೆಯದು, ಅದರಲ್ಲಿ ಚರ್ಚೆ ಇಲ್ಲ. ಅದೇ ವರ್ಷದ ಕೊನೆಗೆ ಬಂದ ಝೆನ್ 3ರಲ್ಲಿ ಎಎಂಡಿಯೇ ನಡುಗೋಡೆ ಒಡೆದು ಎಂಟು ಕೋರುಗಳನ್ನೂ 32 ಎಂಬಿಯ ಒಂದೇ ಕ್ಯಾಶ್‌ನ ಸುತ್ತ ಕೂರಿಸಿತು. ಆದರೂ ಎರಡು ತಿಂಗಳ ಮೆಸ್ ಬಿಲ್ಲು ಕೊಟ್ಟು ನಾನು ಕೊಳ್ಳುತ್ತಿದ್ದದ್ದು ನಿದ್ದೆಯ ಹೊತ್ತಿನ ಒಂದು ಗಂಟೆ.

ಏಳನೇ ದಿನ ಮತ್ತೆ ಸ್ಕ್ರೂ ಬಿಚ್ಚಿ 3300ಎಕ್ಸ್ ವಾಪಸ್ ಕೊಟ್ಟೆ. ಗೆಳೆಯನಿಗೆ ಸ್ವಲ್ಪ ಬೇಸರವೇ ಆಯಿತು. ‘ನಿನಗೆ ಗೇಮು ಆಡೋಕೆ ಬರಲ್ಲ, ಅದೇ ತೊಂದರೆ’ ಅಂದ. ಕೆಳಗಿನ ಮಹಡಿಯ ಎಂಎಸ್ಸಿ ಹುಡುಗನೊಬ್ಬ ಅದನ್ನು ಚೌಕಾಸಿ ಕೂಡ ಮಾಡದೆ ಕೊಂಡುಕೊಂಡ. ಈಗ ರಾತ್ರಿ ಹನ್ನೊಂದರ ಮೇಲೆ ಅವನ ರೂಮಿನಿಂದ ಗುಂಡಿನ ಸದ್ದು ಕೇಳುತ್ತದೆ. ನನ್ನ 3100 ಆ ಹೊತ್ತಿಗೆ 1930ರ ದಶಕದ ಸಂಚಿಕೆಗಳಲ್ಲಿರುತ್ತದೆ.