ವಾರ್ಡ್ ಡೈರಿ – 14: ಈಬರ್ ಪಾಸಿಟಿವ್

ಇಂಗ್ಲೆಂಡಿಗೆ ಬಂದು ಕಿಡ್ನಿ ಟ್ರಾನ್ಸ್‌ಪ್ಲಾಂಟ್ ವಾರ್ಡ್ ಸೇರಿದ ಮೊದಲ ವರ್ಷದ ಮಾತು. ತಮ್ಮ ಕೊಟ್ಟ ಕಿಡ್ನಿಯಲ್ಲಿ ಬದುಕುತ್ತಿದ್ದ ಹೆಂಗಸೊಬ್ಬರು ಕುತ್ತಿಗೆ ಗಂಟಿನ ಬಯಾಪ್ಸಿ ರಿಪೋರ್ಟ್ ತೋರಿಸಿ, "ಈಬರ್ ಪಾಸಿಟಿವ್ ಅಂದ್ರೇನು?" ಅಂತ ಕೇಳಿದರು. ನನಗೂ ಗೊತ್ತಿರಲಿಲ್ಲ. "ತಿಳ್ಕೊಂಡು ಬಂದು ಹೇಳ್ತೀನಿ" ಅಂದೆ. ನೈಟ್ ಡ್ಯೂಟಿ ಡಾಕ್ಟರ್ ಕೂತು ವಿವರಿಸಿದರು.

ಎಪ್‌ಸ್ಟೀನ್-ಬಾರ್ ವೈರಸ್ ದೊಡ್ಡವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನರ ಮೈಯಲ್ಲಿದೆ. ಬಿಳಿ ರಕ್ತಕಣಗಳಲ್ಲಿ ಸುಮ್ಮನೆ ಅಡಗಿರುತ್ತೆ. ಅದರ ಎರಡು ಜೀನ್‌ಗಳನ್ನು ನಮ್ಮ ಜೀವಕೋಶದ್ದೇ ಎಂಜೈಮ್, ಆರ್‌ಎನ್‌ಎ ಪಾಲಿಮರೇಸ್ 3, ನಕಲು ಮಾಡುತ್ತೆ. ಹುಟ್ಟೋದು ಎರಡು ಪುಟ್ಟ ಆರ್‌ಎನ್‌ಎ: ಒಂದು 167 ಅಕ್ಷರದ್ದು, ಇನ್ನೊಂದು 172. ಅವೇ ಈಬರ್. ಅವುಗಳಿಂದ ಪ್ರೋಟೀನ್ ಆಗಲ್ಲ. ಆದರೆ ಒಂದೇ ಕೋಶದಲ್ಲಿ ಹತ್ತು ಲಕ್ಷದವರೆಗೂ ಇರಬಹುದು. ಹಾಗಾಗಿ ಲ್ಯಾಬಿನಲ್ಲಿ ಬಣ್ಣ ಹಾಕಿದರೆ, ಅಡಗಿದ ವೈರಸ್ ಸಿಕ್ಕಿಬೀಳುತ್ತೆ.

ಕಿಡ್ನಿ ಉಳಿಸೋ ಮಾತ್ರೆಗಳು ನಮ್ಮ ಮೈಯ ಕಾವಲನ್ನೇ ಮಂಕು ಮಾಡುತ್ತವೆ. ಆಗ ಆ ವೈರಸ್ ಇರೋ ಕಣಗಳು ಬೆಳೆದು ಗಂಟಾಗಬಹುದು. ಮೊದಲ ಚಿಕಿತ್ಸೆಯೇ ಆ ಮಾತ್ರೆ ಕಡಿಮೆ ಮಾಡೋದು.

"ಒಂದು ಹೊತ್ತೂ ತಪ್ಪಿಸಬೇಡಿ" ಅಂತ ಅವರಿಗೆ ಕಲಿಸಿದವಳೇ ನಾನು. ಈಗ ಡೋಸ್ ಇಳಿದ ಚಾರ್ಟ್ ಕೊಟ್ಟವಳೂ ನಾನೇ. "ನನ್ನ ತಮ್ಮನ ಕಿಡ್ನಿ ಹೋದ್ರೆ?" ಅಂದರು. ಹೋಗಲ್ಲ ಅನ್ನೋಕೆ ಬಾಯಿ ಬರಲಿಲ್ಲ. ವಾರ ವಾರ ರಕ್ತ ನೋಡ್ತೀವಿ ಅಂದೆ, ಕೈ ಹಿಡಿದು ಕೂತೆ.

ಗಂಟು ಕರಗಿತು. ಕಿಡ್ನಿ ಸ್ವಲ್ಪ ಸೊರಗಿದರೂ ಉಳಿಯಿತು.

ಮನೆಯಲ್ಲಿ ಟ್ರಾನ್ಸ್‌ಪ್ಲಾಂಟ್ ಆದವರಿದ್ದರೆ ಗಂಟು, ಬಿಡದ ಜ್ವರ, ತೂಕ ಇಳಿಯೋದನ್ನು ಡಾಕ್ಟರಿಗೆ ತೋರಿಸಿ. ಮಾತ್ರೆ ಮಾತ್ರ ನೀವಾಗೇ ಇಳಿಸಬೇಡಿ.